ಆರು ಸಿಲಿಂಡರಿನ ಅಜ್ಜ

ಅಂಜಿನಪ್ಪನ ಹೆಸರಿನಲ್ಲಿ ಅಂಜಿಕೆಯೂ ಇತ್ತು, ಎಂಜಿನ್ನೂ ಇತ್ತು. ಇಪ್ಪತ್ತೆರಡು ವರ್ಷದಿಂದ ಅವನು ಬ್ಯಾಡಗಿಯ ದುರಗವ್ವನ ಫಾರ್ಗೋ ಲಾರಿ ಓಡಿಸುತ್ತಿದ್ದ. ಅಷ್ಟು ವರ್ಷಗಳಲ್ಲಿ ಲಾರಿಯ ಮೀಟರುಗಳೆಲ್ಲ ಒಂದೊಂದಾಗಿ ಕಣ್ಣು ಮುಚ್ಚಿದ್ದವು. ವೇಗ ಎಷ್ಟೆಂಬುದನ್ನು ಅವನು ಕಿಟಕಿಯ ಗಾಳಿಯಿಂದ ತಿಳಿಯುತ್ತಿದ್ದ. ಡೀಸೆಲ್ ಎಷ್ಟಿದೆ ಎಂದು ಟ್ಯಾಂಕಿಗೆ ಕೋಲು ಇಳಿಬಿಟ್ಟು ನೋಡುತ್ತಿದ್ದ. ಎಂಜಿನ್ ಕಾದಿದೆಯೋ ಇಲ್ಲವೋ ಎಂಬುದನ್ನು ಹೇಳುತ್ತಿದ್ದದ್ದು ಅವನ ಮೂಗು.

ಆ ಡಿಸೆಂಬರಿನಲ್ಲಿ ಅವನಿಗೆ ನೆಗಡಿಯಾಯಿತು.

ಹೀಗಾಗಿ ೧೯೮೮ರ ಆ ಶನಿವಾರ ಬೆಳಿಗ್ಗೆ, ಕರ್ಜಗಿಯಿಂದ ಜೋಳದ ಚೀಲ ಹೇರಿಕೊಂಡು ರಾಣೇಬೆನ್ನೂರಿಗೆ ಹೊರಟ ಲಾರಿಯ ಫ್ಯಾನ್ ಬೆಲ್ಟ್ ಯಾವ ಊರಿನ ಮುಂದೆ ಹರಿದುಬಿತ್ತೋ ಅವನಿಗೆ ತಿಳಿಯಲೇ ಇಲ್ಲ. ಮೋಟೆಬೆನ್ನೂರಿನ ಹತ್ತಿರ ಬಾನೆಟ್ಟಿನ ಸಂದಿಯಿಂದ ಹೊಗೆಯೋ ಹಬೆಯೋ ಎದ್ದು ಎದುರಿನ ಗಾಜು ಮಬ್ಬಾದ ಮೇಲೆ ಇಳಿದು ನೋಡಿದ. ರೇಡಿಯೇಟರ್ ಒಣಗಿತ್ತು. ಎಂಜಿನ್ ಮಿರ್ಚಿ ಕರಿಯುವ ಬಾಣಲೆಯಾಗಿತ್ತು.

ಇಂಥ ಹೊತ್ತಿನಲ್ಲಿ ಒಂದು ತಾಸು ಸುಮ್ಮನೆ ಕೂರಬೇಕು. ಅದು ಅಂಜಿನಪ್ಪನಿಗೆ ಗೊತ್ತಿತ್ತು. ಹೊಸ ಡ್ರೈವರುಗಳಿಗೆ ಅವನೇ ಬೆರಳು ಎತ್ತಿ ಪಾಠ ಹೇಳುತ್ತಿದ್ದ. ಆದರೆ ಚಳಿ ಇತ್ತು, ಹಸಿವಿತ್ತು, ಮೂಗು ಸೋರುತ್ತಿತ್ತು, ಪಕ್ಕದ ಹೊಲದಲ್ಲಿ ಬಾವಿಯೂ ಇತ್ತು. ಒಂದು ಕೊಡ ನೀರು ಸೇದಿ ತಂದು ಸುರಿದೇಬಿಟ್ಟ. ಎಂಜಿನ್ ಮೊದಲು ಚೊಂಯ್ ಎಂದಿತು. ಆಮೇಲೆ ಬುಸ್ಸ್ ಎಂದಿತು. ಕೊನೆಗೆ ಬಹಳ ಮರ್ಯಾದೆಯಿಂದ, ಮದುವೆಮನೆಯಲ್ಲಿ ಬಳೆಯೊಂದು ಒಡೆದಷ್ಟೇ ಸದ್ದಿನಲ್ಲಿ, ಟಣ್ ಎಂದಿತು.

ಅಂಜಿನಪ್ಪ ಆಯಿಲ್ ಕಡ್ಡಿ ಎಳೆದು ನೋಡಿದ. ಕರ್ರಗಿರಬೇಕಾದ ಆಯಿಲ್ ಹಾಲು ಹೆಚ್ಚಾದ ಚಹಾದ ಹಾಗಾಗಿತ್ತು. ನೀರು ಆಯಿಲಿನೊಳಗೆ ಇಳಿದಿತ್ತು. ಎಂಜಿನ್ ಬ್ಲಾಕು ಸೀಳಿತ್ತು.

ಜೋಳದ ಚೀಲಗಳು ಬೇರೆ ಲಾರಿ ಹತ್ತಿದವು. ಫಾರ್ಗೋ ಅದೇ ಲಾರಿಯ ಬೆನ್ನಿಗೆ ಸರಪಳಿ ಕಟ್ಟಿಸಿಕೊಂಡು ರಾಣೇಬೆನ್ನೂರಿನ ಜಹಾಂಗೀರನ ಶೆಡ್ಡು ಸೇರಿತು. ಜಹಾಂಗೀರ ಎಂದರೆ ಆ ಕಡೆಯ ಒಡೆದ ಕಬ್ಬಿಣಕ್ಕೆಲ್ಲ ವೈದ್ಯ. ಅವನ ಶೆಡ್ಡಿಗೆ ಒತ್ತಿಕೊಂಡೇ ಅವನ ತಾಯಿ ಮೈಮುನಾಬಿಯ ಮಂಡಕ್ಕಿ ಭಟ್ಟಿ. ಮಗನ ಕಡೆಯಿಂದ ಟಕಟಕ, ತಾಯಿಯ ಕಡೆಯಿಂದ ಚಟಪಟ. ನಡುವೆ ಒಂದು ಬೇವಿನ ಮರ, ಅದರ ಬುಡದಲ್ಲಿ ಭಟ್ಟಿಯ ಹೊಟ್ಟಿನ ಬೂದಿ ಸುರಿಯುವ ತಗ್ಗು.

ಎಂಜಿನ್ ಬಿಚ್ಚಿ ಬ್ಲಾಕನ್ನು ಹೊರಗಿಟ್ಟ ಜಹಾಂಗೀರ ಅದಕ್ಕೆ ಸೀಮೆಎಣ್ಣೆ ಬಳಿದ, ಒರೆಸಿದ, ಸುಣ್ಣದ ಪುಡಿ ಹುಡುಕಿದ. ಸಿಗಲಿಲ್ಲ.

"ಅಂಜಿನಪ್ಪಣ್ಣ, ನಿನ್ನ ವಿಭೂತಿ ಡಬ್ಬಿ ಕೊಡು."

"ಯಾಕ?"

"ಕೊಡು ಅಂದೇನಿ."

ಬ್ಲಾಕಿನ ಮೈಗೆಲ್ಲ ವಿಭೂತಿ ಬಿತ್ತು. ಒಂದು ಬೀಡಿ ಸೇದುವಷ್ಟು ಹೊತ್ತಿಗೆ ಒಳಗೆ ಕುಳಿತಿದ್ದ ಸೀಮೆಎಣ್ಣೆ ಹೊರಗೆ ಜಿನುಗಿ, ಬಿಳಿ ಪುಡಿಯ ಮೇಲೆ ಒಂದು ಗೇಣುದ್ದದ ಕಪ್ಪು ಗೆರೆ ಮೂಡಿತು.

"ತಣ್ಣೀರು ಹೊಯ್ದೀದಿ," ಎಂದ ಜಹಾಂಗೀರ.

"ಯಾರಿಗೂ ಹೇಳಬ್ಯಾಡೋ. ನಿನಗ ಕೈ ಮುಗೀತೇನಿ."

"ನಾ ಯಾಕ ಹೇಳ್ಲಿ? ಬ್ಲಾಕ ಹೇಳಾಕತ್ತೈತಿ."

ಮರುದಿನ ಅಂಜಿನಪ್ಪ ಬಸ್ಸು ಹಿಡಿದು ಬ್ಯಾಡಗಿಗೆ ಹೋದ. ಗಂಡ ತೀರಿಕೊಂಡ ಮೇಲೆ ಲಾರಿಯನ್ನೂ ಮೆಣಸಿನಕಾಯಿ ವ್ಯಾಪಾರವನ್ನೂ ಒಂದೇ ಕೈಯಲ್ಲಿ ನಡೆಸುತ್ತಿದ್ದ ದುರಗವ್ವ ಅಂಗಳದಲ್ಲಿ ಹೆಂಗಸರನ್ನು ಕೂರಿಸಿಕೊಂಡು ಕಾಯಿಯ ತೊಟ್ಟು ಮುರಿಸುತ್ತಿದ್ದಳು. ಘಾಟಿಗೆ ಅಂಜಿನಪ್ಪನ ಕಣ್ಣಲ್ಲಿ ನೀರು ಬಂತು. ಹೇಳಬೇಕಿದ್ದ ಸುದ್ದಿಗೆ ಅದು ಅನುಕೂಲವೇ ಆಯಿತು.

"ಅವ್ವಾರ, ಎಂಜಿನ್ ಬ್ಲಾಕ್ ಸೀಳೇತ್ರಿ."

"ಯಾಕ?"

ದಾರಿಯುದ್ದಕ್ಕೂ ಬಸ್ಸಿನಲ್ಲಿ ತಾಲೀಮು ಮಾಡಿದ್ದ ಉತ್ತರ ಸಿದ್ಧವಿತ್ತು. "ವಯಸ್ಸಾತ್ರಿ ಅದಕ್ಕ."

"ನೀ ಏನೂ ಮಾಡಿಲ್ಲ?"

"ನಾ ಏನ್ ಮಾಡ್ಲಿರಿ? ತನ್ನ ಪಾಡಿಗೆ ತಾ ಹೊಂಟಿತ್ತು, ಟಣ್ ಅಂತು. ಕಬ್ಬಿಣಾದ್ರೂ ಎಷ್ಟ ದಿನಾ ತಡಕೋತೈತ್ರಿ."

ದುರಗವ್ವ ಒಂದು ಕಾಯಿಯ ತೊಟ್ಟು ಮುರಿದಳು. "ನೀ ತಪ್ಪ ಮಾಡಿದ್ರ ನಿನ್ನ ಬಿಡಿಸಿ ಬ್ಯಾರೆ ಡ್ರೈವರ್ನ ಇಡ್ತಿದ್ನಿ. ಲಾರಿಗೇ ವಯಸ್ಸಾಗಿದ್ರ ಬ್ಯಾರೆ ಡ್ರೈವರ್ ಬಂದು ಏನ್ ಮಾಡ್ತಾನ? ಇವತ್ತ ಬ್ಲಾಕ್ ಸೀಳಿತು, ನಾಳೆ ಚಾಸಿ ಸೀಳ್ತೈತಿ. ಹಾವೇರಿ ಮೈಲಾರೆಪ್ಪಗ ಹೇಳಿ ಕಳಸ್ತೇನಿ. ಗುಜರಿಗೆ ತಗೊಂಡ ಹೋಗ್ಲಿ."

ಅಂಜಿನಪ್ಪ ತನ್ನ ಕುತ್ತಿಗೆ ಉಳಿಸಿಕೊಳ್ಳಲು ಹೋಗಿ ಲಾರಿಯ ಕುತ್ತಿಗೆ ಕೊಟ್ಟಿದ್ದ. ನಿಜ ಹೇಳಿದರೆ ಲಾರಿ ಉಳಿಯುತ್ತದೆ, ಡ್ರೈವರ್ ಹೋಗುತ್ತಾನೆ. ಸುಳ್ಳಿಗೇ ಅಂಟಿಕೊಂಡರೆ ಡ್ರೈವರ್ ಉಳಿಯುತ್ತಾನೆ, ಓಡಿಸಲಿಕ್ಕೆ ಏನೂ ಉಳಿಯುವುದಿಲ್ಲ. ಅವನಿಗಾದರೋ ಎರಡೂ ಬೇಕಿತ್ತು.

"ಜಹಾಂಗೀರ ವೆಲ್ಡಿಂಗ್ ಮಾಡ್ತೇನಿ ಅಂದಾನ್ರಿ ಅವ್ವಾರ. ಹೊಸಾದು ಆದಂಗ ಆಕೈತಂತ."

"ವಯಸ್ಸಿಗೂ ವೆಲ್ಡಿಂಗ್ ಐತೇನೋ? ಇದ್ರ ಮೊದಲ ನನ್ನ ಮೊಣಕಾಲಿಗೆ ಮಾಡ್ಸು."

ಹೆಂಗಸರೆಲ್ಲ ನಕ್ಕರು. ನಗುವಿನಿಂದ ದುರಗವ್ವ ಸ್ವಲ್ಪ ಸಡಿಲಾದಳು. "ಆತು. ಬೇಸ್ತವಾರ ಮೈಲಾರೆಪ್ಪನ್ನ ಕರಕೊಂಡು ರಾಣೇಬೆನ್ನೂರಿಗೆ ಬರ್ತೇನಿ. ಬ್ಲಾಕ್ ನೆಟ್ಟಗಿದ್ರ ಅವ ಬರಿಗೈಲೆ ಹೋಗ್ತಾನ. ಇಲ್ಲಾಂದ್ರ ಲಾರಿ ಎಳಕೊಂಡ ಹೋಗ್ತಾನ."

ಆ ವಾರ ಜಹಾಂಗೀರನ ಶೆಡ್ಡಿನಲ್ಲಿ ಅಂಜಿನಪ್ಪ ಡ್ರೈವರಿಕೆ ಬಿಟ್ಟು ಬೇರೆಲ್ಲ ಕೆಲಸ ಮಾಡಿದ. ಸೀಳು ಮುಂದಕ್ಕೆ ಓಡದಂತೆ ಅದರ ಎರಡೂ ತುದಿಗೆ ತೂತು ಕೊರೆದದ್ದಾಯಿತು. ಉಳಿ ಹಿಡಿದು ಸೀಳಿನ ಉದ್ದಕ್ಕೂ ಕಾಲುವೆ ತೋಡಿದ್ದಾಯಿತು. ವೆಲ್ಡಿಂಗಿನ ಗ್ಯಾಸ್ ಮಾತ್ರ ಬುಧವಾರ ಮಧ್ಯಾಹ್ನದವರೆಗೂ ಬರಲಿಲ್ಲ. ಅಷ್ಟು ಹೊತ್ತೂ ಜಹಾಂಗೀರ ಬೀಡಿ ಸೇದುತ್ತ ಬೀಡಿನ, ಎಂದರೆ ಎರಕದ ಕಬ್ಬಿಣದ, ಗುಣ ಹೇಳಿದ.

"ಇದು ಬೀಡು, ಅಣ್ಣ. ಬರೀ ಕಬ್ಬಿಣ ಅಲ್ಲ. ಇದಕ್ಕ ಸಿಟ್ಟ ಭಾಳ. ಲಗೂ ಕಾಸಿದ್ರೂ ಸೀಳ್ತೈತಿ, ಲಗೂ ಆರಿಸಿದ್ರೂ ಸೀಳ್ತೈತಿ. ಹೊಸಾ ಸೊಸಿನ್ನ ನೋಡಿಕೊಂಡಂಗ ನೋಡ್ಕೋಬೇಕು."

"ಏ, ನಿನ್ನ ಹೆಂಡತಿನ್ನ ನಾ ಹಂಗ ನೋಡ್ಕೊಂಡಿದ್ದಕ್ಕ ಈಗ ನನ್ನ ತಲಿ ಮ್ಯಾಲ ಕುಂತಾಳ," ಎಂದು ಭಟ್ಟಿಯ ಕಡೆಯಿಂದ ಮೈಮುನಾಬಿ ಕೂಗಿದಳು.

ಗ್ಯಾಸ್ ಬಂತು. ಇದ್ದಿಲ ಹಾಸಿಗೆಯ ಮೇಲೆ ಬ್ಲಾಕನ್ನು ಮಲಗಿಸಿ, ಮೂರು ತಾಸು ಮೆಲ್ಲಗೆ ಕಾಸಿ, ಹಳೆಯ ಪಿಸ್ಟನ್ ರಿಂಗಿನ ತುಂಡುಗಳನ್ನೇ ಕಡ್ಡಿ ಮಾಡಿಕೊಂಡು, ಅಕ್ಕಸಾಲಿಗರು ಹಾಕುವ ಬಿಳಿಗಾರ ಉದುರಿಸುತ್ತ ಜಹಾಂಗೀರ ಸೀಳು ತುಂಬಿದ. ಆಮೇಲೆ ನಾಲ್ಕು ಜನ ಸರಪಳಿ ಹಿಡಿದು ಬ್ಲಾಕನ್ನು ಬೇವಿನ ಬುಡದ ತಗ್ಗಿಗೆ ಇಳಿಸಿ, ಮೇಲೆ ಭಟ್ಟಿಯ ಹೊಟ್ಟಿನ ಬೂದಿ ಮೊಣಕಾಲೆತ್ತರ ಸುರಿದರು.

"ಶುಕ್ರವಾರ ಮುಂಜಾನಿ ತನಕ ಯಾರೂ ಮುಟ್ಟಂಗಿಲ್ಲ," ಎಂದ ಜಹಾಂಗೀರ. "ತಾನ ಆರಬೇಕು."

"ನಾಳೆ ಅವ್ವಾರು ಬರ್ತಾರಲ್ಲೋ!"

"ಚಹಾ ಕುಡಸು."

ಇಲ್ಲಿಂದ ಮುಂದೆ ನಡೆದುದರಲ್ಲಿ ಯಾರದೂ ದುರುದ್ದೇಶವಿಲ್ಲ. ಗಾಳಿಗೆ ಬೂದಿ ಹಾರಿ ತನ್ನ ಮಂಡಕ್ಕಿ ಕಪ್ಪಾಗುತ್ತದೆಂದು ಮೈಮುನಾಬಿ ಬಾಗಿಲ ಹಳೆಯ ಪರದೆಯೊಂದನ್ನು ತಂದು ಗುಡ್ಡೆಗೆ ಹೊದಿಸಿ ನಾಲ್ಕು ಮೂಲೆಗೆ ಕಲ್ಲು ಹೇರಿದಳು. ಪರದೆಯ ಬಣ್ಣ ಹಸಿರು. ದಿನಾ ಬೆಳಿಗ್ಗೆ ಎಂಜಿನ್ನಿಗೆ ಉದಿನಕಡ್ಡಿ ಹಚ್ಚದೆ ಚಹಾ ಕುಡಿಯದ ಅಂಜಿನಪ್ಪ ಗುರುವಾರ ಬೆಳಿಗ್ಗೆಯೂ ಎರಡು ಕಡ್ಡಿ ಹಚ್ಚಿ, ತಲೆಯ ಕಡೆ ಯಾವುದೆಂದು ನೆನಪು ಮಾಡಿಕೊಂಡು, ರೇಡಿಯೇಟರ್ ಇರುವ ಬದಿಗೆ ಸಿಕ್ಕಿಸಿದ. ಚಳಿಗೆ ತಲೆಯ ಮೇಲೆ ಟವೆಲ್ ಹೊದ್ದು ಪಕ್ಕದಲ್ಲೇ ಕುಳಿತ. ಆರು ಸಿಲಿಂಡರಿನ ಬ್ಲಾಕು, ಸುತ್ತಲೂ ಬೂದಿ ಸೇರಿ, ಉದ್ದ ಅಗಲದಲ್ಲಿ ಒಬ್ಬ ಮನುಷ್ಯ ಮಲಗಿದಷ್ಟೇ ಆಗಿತ್ತು.

ಮೊದಲು ಬಂದವಳು ಐರಣಿಯ ಸೋಮವ್ವ. ಬದನೆಕಾಯಿ ಬುಟ್ಟಿ ಇಳಿಸಿದಳು, ಸೊಂಟದ ಮೇಲಿದ್ದ ಕೆಮ್ಮುವ ಮೊಮ್ಮಗಳನ್ನೂ ಇಳಿಸಿದಳು, ಚಪ್ಪಲಿ ಬಿಟ್ಟಳು.

"ಯಪ್ಪಾ, ಹ್ವಾದ ಸಂತಿಗೆ ಇದು ಇರಲಿಲ್ಲ. ಯಾವಾಗ ಆತು?"

"ನಿನ್ನೆ ಸಂಜಿ ಆತವ್ವ," ಎಂದ ಅಂಜಿನಪ್ಪ, ನಿದ್ದೆಗೆಟ್ಟ ಕಣ್ಣಲ್ಲಿ. "ಇಪ್ಪತ್ತೆರಡು ವರ್ಷ ನನಗ ಅನ್ನಾ ಹಾಕೇತಿ. ಈಗ ಮಲಗೇತಿ. ನಾಳೆ ಏಳ್ತೈತಿ."

"ನಾಳೆ ಏಳ್ತಾರ?"

"ದೇವರು ಮನಸ್ಸ ಮಾಡಿದ್ರ."

ಸೋಮವ್ವ ನೆಲಕ್ಕೆ ಹಣೆ ಹಚ್ಚಿದಳು. ಪೇಟೆಗೆ ಹೋಗಿ ಬದನೆಕಾಯಿಯ ಜೊತೆಗೆ ನಾಳೆ ಏಳುವ ಅಜ್ಜನ ಗದ್ದುಗೆಯ ಸುದ್ದಿಯನ್ನೂ ಮಾರಿದಳು. ಬದನೆಕಾಯಿ ಉಳಿಯಿತು, ಸುದ್ದಿ ಪೂರಾ ಖರ್ಚಾಯಿತು. ಹತ್ತು ಗಂಟೆಯ ಹೊತ್ತಿಗೆ ಬೇವಿನ ನೆರಳಲ್ಲಿ ಮೂವತ್ತು ಜೊತೆ ಚಪ್ಪಲಿ. ಗುರುವಾರ ಬೇರೆ. ದರ್ಗಾಕ್ಕೆ ಸಕ್ಕರೆ ಓದಿಸಲು ಹೊರಟವರು ಇಲ್ಲಿಯೇ ಪೊಟ್ಟಣ ಬಿಚ್ಚಿದರು. ಗುಡಿಗೆ ಹೊರಟವರು ಇಲ್ಲಿಯೇ ಕಾಯಿ ಒಡೆದರು. ಕಾಯಿಯ ನೀರು ಗುಡ್ಡೆಯ ಮೇಲೆ ಬೀಳದ ಹಾಗೆ ಅಂಜಿನಪ್ಪ ಎರಡೂ ಕೈ ಚಾಚಿ ಕಬಡ್ಡಿ ಆಡಿದ.

ಜಹಾಂಗೀರ ಸುಳ್ಳಾಡುವ ಮನುಷ್ಯನಲ್ಲ. ಬಂದವರಿಗೆಲ್ಲ ಹೇಳಿದ: "ಅರೆ, ಇದು ಲಾರಿ ಎಂಜಿನ್ ಐತ್ರೋ!"

ಪಟಕಾ ಸುತ್ತಿದ ಹಿರಿಯನೊಬ್ಬ ಅವನನ್ನು ಮೇಲಿಂದ ಕೆಳಗೆ ನೋಡಿದ. "ಎಂಜಿನ್ ಆದ್ರ ಹಸರ ಬಟ್ಟಿ ಯಾಕ ಹೊಚ್ಚೀರಿ? ಉದಿನಕಡ್ಡಿ ಯಾಕ? ಆ ಮನಶ್ಯಾ ಯಾಕ ಕಣ್ಣೀರ ತಗದು ಕುಂತಾನ?"

ಜಹಾಂಗೀರ ಬಟ್ಟೆ ನೋಡಿದ, ಉದಿನಕಡ್ಡಿ ನೋಡಿದ, ನೆಗಡಿಯ ಅಂಜಿನಪ್ಪನನ್ನು ನೋಡಿದ. ಅವನಿಗೇ ಒಂದು ಕ್ಷಣ ಅನುಮಾನ ಬಂತು.

ಅಷ್ಟರಲ್ಲಿ ಹೊಸ ಆಪತ್ತು. ಜನ ಹಸಿರು ಬಟ್ಟೆಯ ಅಂಚು ಎತ್ತಿ ಚಿಟಿಕೆ ಚಿಟಿಕೆ ಬೂದಿ ತೆಗೆದು ಹಣೆಗೆ ಹಚ್ಚಿಕೊಳ್ಳತೊಡಗಿದರು. ಕೆಲವರು ಮನೆಗೆಂದು ಕಾಗದದಲ್ಲಿ ಕಟ್ಟಿಕೊಂಡರು. ಹೀಗೇ ಮೂವತ್ತು ಜನ ಒಯ್ದರೆ ಸಂಜೆಗೆ ಬ್ಲಾಕು ಬರಿಮೈ, ತಂಗಾಳಿ ತಾಕಿದರೆ ಮತ್ತೆ ಟಣ್.

"ಬೂದಿ ತಗೀಬ್ಯಾಡ್ರಿ! ಗಾಳಿ ತಾಕ್ತೈತಿ! ಥಂಡಿ ಆಕೈತಿ!" ಎಂದು ಅಂಜಿನಪ್ಪ ಗೋಗರೆದ.

"ಎಷ್ಟ ಕಾಳಜಿ ನೋಡ್ರಿ ಅಜ್ಜನ ಮ್ಯಾಲ," ಎಂದರು ಹೆಂಗಸರು.

ಪಾರುಮಾಡಿದವಳು ಮೈಮುನಾಬಿ. ಭಟ್ಟಿಯ ಬಾಯಿಂದ ಒಂದು ಬುಟ್ಟಿ ಬೂದಿ ತಂದಿಟ್ಟು, "ಅದನ್ನ ಮುಟ್ಟಬ್ಯಾಡ್ರಿ, ಇದ ತಗೋರಿ. ಎರಡೂ ಒಂದ ಭಟ್ಟಿದು," ಎಂದಳು. ಅವಳ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹನ್ನೊಂದರ ಬಸ್ಸಿಗೆ ದುರಗವ್ವ ಇಳಿದಳು, ಜೊತೆಗೆ ಗುಜರಿಯ ಮೈಲಾರೆಪ್ಪ. ಅವನು ಲಾರಿಯ ಚಾಸಿಯನ್ನು ದೂರದಿಂದಲೇ ಕಣ್ಣಲ್ಲಿ ತೂಗಿದ. ಮರದ ಕೆಳಗಿನ ಗುಂಪು ಕಂಡು ಇಬ್ಬರೂ ಚಪ್ಪಲಿ ಬಿಟ್ಟರು. ದುರಗವ್ವ ಕೈ ಮುಗಿದು, ಕಣ್ಣು ಮುಚ್ಚಿ, ಮೊಣಕಾಲಿನ ವಿಷಯವನ್ನು ಅಜ್ಜನ ಕಿವಿಗೆ ಹಾಕಿದಳು. ಮೈಲಾರೆಪ್ಪ ಎಂಟಾಣೆ ಇಟ್ಟ. ಆಮೇಲೆ ಅವಳು ಅಂಜಿನಪ್ಪನ ಕಡೆ ತಿರುಗಿದಳು.

"ಬ್ಲಾಕ್ ಎಲ್ಲಿ?"

"ನೀವ ಈಗ ಕೈ ಮುಗಿದ್ರಲ್ರಿ ಅವ್ವಾರ… ಅದರಾಗ."

ದುರಗವ್ವ ಗುಡ್ಡೆಯನ್ನು ನೋಡಿದಳು. ಗುಂಪನ್ನು ನೋಡಿದಳು. ಮೈಲಾರೆಪ್ಪ ಮೆಲ್ಲಗೆ ಬಗ್ಗಿ ತನ್ನ ಎಂಟಾಣೆ ವಾಪಸ್ ತೆಗೆದುಕೊಂಡ.

"ತಗಿ ಹೊರಗ."

"ಇನ್ನ ಬಿಸಿ ಐತ್ರಿ. ನಾಳೆ ಮುಂಜಾನಿ…"

"ನಾಳೆ ಅನ್ನೂದು ನನಗ ಗೊತ್ತಿಲ್ಲ. ಇವತ್ತ ಅಂದಿದ್ನಿ. ನನ್ನ ಬಸ್ಸ ಒಂದೂವರಿಗೆ ಐತಿ." ಭಟ್ಟಿಯ ಪಕ್ಕದ ತೊಟ್ಟಿಯಿಂದ ಅವಳೇ ಒಂದು ಕೊಡ ನೀರು ತುಂಬಿಕೊಂಡಳು. "ಬಿಸಿ ಇದ್ರ ಆರಸೂಣು. ಅದಕ್ಕೇನ್ ಪಂಚಾಂಗ ನೋಡಬೇಕ? ಸರಿ ಅತ್ತಾಗ."

ಜಹಾಂಗೀರ ಶೆಡ್ಡಿನಿಂದ ಓಡಿ ಬಂದ, ದೂರವಿದ್ದ. ಮೈಮುನಾಬಿ "ಹಾಯ್ ಅಲ್ಲಾ!" ಎಂದಳು. ದುರಗವ್ವ ಕೊಡವನ್ನು ಸೊಂಟದಿಂದ ಎತ್ತಿ ಹಸಿರು ಬಟ್ಟೆಯ ಮೇಲೆ ವಾಲಿಸುವಷ್ಟರಲ್ಲಿ ಅಂಜಿನಪ್ಪ ಗುಡ್ಡೆಗೆ ಅಡ್ಡ ಬಿದ್ದ. ಅರ್ಧ ಕೊಡ ಅವನ ಬೆನ್ನಿಗೆ ಬಿತ್ತು.

"ಬ್ಯಾಡ್ರಿ ಅವ್ವಾರ! ಕಾದ ಬೀಡಿನ ಮ್ಯಾಲ ತಣ್ಣೀರ ಬಿದ್ರ ಸೀಳ್ತೈತ್ರಿ!"

ದುರಗವ್ವನ ಕೈ ನಿಂತಿತು. "ಯಾರ ಹೇಳಿದ್ರು?"

"ಎಲ್ಲಾ ಡ್ರೈವರಿಗೂ ಗೊತ್ತಿರ್ತೈತ್ರಿ."

"ನಿನಗೂ ಗೊತ್ತಿತ್ತು?"

ಅಂಜಿನಪ್ಪ ಬೂದಿಯಿಂದ ಮುಖ ಎತ್ತಿದ. ಕೊಡದಲ್ಲಿ ಇನ್ನೂ ಅರ್ಧ ನೀರಿತ್ತು. ಈಗೊಂದು ಸುಳ್ಳು ಹೇಳಬಹುದಿತ್ತು, ಒಳ್ಳೆಯ ಸುಳ್ಳುಗಳು ಬಾಯಿಯ ತನಕ ಬಂದೂ ಇದ್ದವು. ಆದರೆ ಹೊಟ್ಟೆಯ ಕೆಳಗೆ ಬೂದಿಯ ಬಿಸಿ, ಬೆನ್ನ ಮೇಲೆ ಡಿಸೆಂಬರಿನ ನೀರು. ಬ್ಲಾಕಿಗೆ ಅಂದು ಏನಾಗಿತ್ತೆಂದು ಅವನ ಮೈಗೇ ಈಗ ತಿಳಿಯುತ್ತಿತ್ತು.

"ಗೊತ್ತಿತ್ರಿ. ಗೊತ್ತಿದ್ದೂ ಹೊಯ್ದ್ನಿರಿ. ಮೋಟೆಬೆನ್ನೂರಿನ ಹತ್ರ, ಬಾವಿ ನೀರು, ಒಂದು ಕೊಡ. ಲಾರಿಗೆ ವಯಸ್ಸೇನೂ ಆಗಿಲ್ರಿ ಅವ್ವಾರ. ನಾ ಸುಳ್ಳ ಹೇಳಿದ್ನಿ. ನನ್ನ ಬಿಡಸ್ರಿ, ಅದನ್ನ ಗುಜರಿಗೆ ಹಾಕಬ್ಯಾಡ್ರಿ."

ಗುಂಪಿನ ಹಿಂದಿನಿಂದ ಸೋಮವ್ವನ ದನಿ ಎದ್ದಿತು:

"ನೋಡಿದ್ರಿಲ್ಲೋ! ಅಜ್ಜ ಬಾಯಿ ಬಿಡಿಸಿ ಖರೇ ನುಡಿಸಿದ!"

ಪಟಪಟ ನಾಲ್ಕು ಕಾಯಿ ಒಡೆದವು.

ದುರಗವ್ವ ಕೊಡ ಕೆಳಗಿಟ್ಟಳು. ನಗು ಬಂದರೂ ತೋರಿಸಬಾರದೆಂದು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮೈಲಾರೆಪ್ಪ, ನೀ ಹೋಗಪ್ಪ. ಲಾರಿಗೇನೂ ಆಗಿಲ್ಲಂತ. ಕೆಟ್ಟಿರೋದು ಡ್ರೈವರ್."

"ಡ್ರೈವರ್ನ ತಗೊಳ್ಳಂಗಿಲ್ರಿ ನಾವು," ಎಂದ ಮೈಲಾರೆಪ್ಪ, ಚಪ್ಪಲಿ ಹುಡುಕುತ್ತ. "ತೂಕ ಬರಂಗಿಲ್ಲ."

"ನನ್ನ ಗತಿ ಏನ್ರಿ ಅವ್ವಾರ?" ಎಂದ ಅಂಜಿನಪ್ಪ, ಇನ್ನೂ ಅಡ್ಡ ಬಿದ್ದೇ.

"ಮೊದಲ ಇದು ಏಳ್ಲಿ. ಆಮ್ಯಾಲ ನಿಂದು."

ಒಂದೂವರೆಯ ಬಸ್ಸು ಹೋಯಿತು. ದುರಗವ್ವ ಹೋಗಲಿಲ್ಲ. ಮೈಮುನಾಬಿಯ ಮನೆಯಲ್ಲಿ ಉಳಿದಳು. ಅಂಜಿನಪ್ಪನ ಕಾವಲಿನ ಮೇಲೆ ಅವಳಿಗೆ ಇನ್ನು ನಂಬಿಕೆಯಿರಲಿಲ್ಲ. ಸಂಜೆಯವರೆಗೂ ಗುಡ್ಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, "ಕಾಯಿ ಅಲ್ಲೊಡೀರಿ, ಬೂದಿ ಬುಟ್ಟ್ಯಾಗಿಂದ ತಗೋರಿ, ಸಾಲಾಗಿ ಬರ್ರಿ," ಎಂದು ಊರಿನ ಯಾವ ಗುಡಿಯಲ್ಲೂ ಕಾಣದ ಶಿಸ್ತು ತಂದಳು.

ಶುಕ್ರವಾರ ಬೆಳಿಗ್ಗೆ ಬೂದಿ ಸರಿಸಿದಾಗ ಬ್ಲಾಕು ಕೈಯಿಟ್ಟರೆ ಹಿತವೆನಿಸುವಷ್ಟು ಬೆಚ್ಚಗಿತ್ತು. ಜಹಾಂಗೀರ ಸಣ್ಣ ಸುತ್ತಿಗೆಯಿಂದ ತಟ್ಟಿದ. ಠಂಯ್ಯ್ ಎಂದು ಗಂಟೆಯ ಹಾಗೆ ದನಿ ಎಳೆಯಿತು. ತೂತುಗಳನ್ನೆಲ್ಲ ಮುಚ್ಚಿ ನೀರು ತುಂಬಿಸಿ ಎರಡು ತಾಸು ಕಾದರು. ವೆಲ್ಡಿಂಗಿನ ಗೆರೆಯ ಮೇಲೆ ಒಂದು ಹನಿಯೂ ಮೂಡಲಿಲ್ಲ. ನೋಡಲು ಬಂದವರು ಅಜ್ಜ ಎದ್ದದ್ದನ್ನು ಕಂಡು, ಅಜ್ಜನಿಗೆ ಆರು ಬಾಯಿ ಇರುವುದನ್ನೂ ಕಂಡು, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದರು. ಸೋಮವ್ವ ಮಾತ್ರ ಮೊಮ್ಮಗಳ ಕೆಮ್ಮು ಕಡಿಮೆಯಾಗಿದೆ, ಒಳಗೆ ಏನಾದರೂ ಇರಲಿ ಎಂದು ಬ್ಲಾಕಿಗೇ ಕೈ ಮುಗಿದಳು. ಜಹಾಂಗೀರನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಚಹಾಕ್ಕೆ ಸಕ್ಕರೆ ಕೊಳ್ಳಲಿಲ್ಲ.

ಎಂಜಿನ್ ಕೂಡಿಸಲು ಮತ್ತೆ ಐದು ದಿನ. ಆರನೆಯ ದಿನ ದುರಗವ್ವ ಮತ್ತೆ ಬಂದಳು. ಫಾರ್ಗೋ ಮೊದಲು ಕೆಮ್ಮಿತು, ಕರ್ರಗೆ ಉಗಿಯಿತು, ಗೊಗ್ಗರು ದನಿಯಲ್ಲಿ ಏನೋ ಬೈದು, ಕೊನೆಗೆ ಗಡಗಡ ಗಡಗಡ ಎಂದು ಒಂದೇ ರಾಗಕ್ಕೆ ನಿಂತಿತು. ದುರಗವ್ವ ಎಡಗಡೆಯ ಬಾಗಿಲು ತೆಗೆದು ಕ್ಯಾಬಿನ್ನಿಗೆ ಹತ್ತಿದಳು. ಅಂಜಿನಪ್ಪ ಕೆಳಗೇ ನಿಂತಿದ್ದ.

"ಹತ್ತು. ನಾ ಓಡಸ್ಲೇನು?"

ಅವನು ಹತ್ತಿದ.

ಊರು ದಾಟಿ ಐದಾರು ಮೈಲಿ ಹೋಗಿರಬೇಕು, ಅವಳು ಇದ್ದಕ್ಕಿದ್ದಂತೆ "ನಿಂದರ್ಸು" ಎಂದಳು. ಎಂಜಿನ್ ಕಾದಿತ್ತೋ ಇಲ್ಲವೋ, ಹೊಸದಾಗಿ ಕೂಡಿಸಿದ್ದು, ನೋಡಿದರೆ ತಪ್ಪಿಲ್ಲ ಎಂದು ಅವನೂ ನಿಲ್ಲಿಸಿದ. ರೂಢಿಯಂತೆ ಕೈ ಸೀಟಿನ ಕೆಳಗಿನ ನೀರಿನ ಡಬ್ಬಿಗೆ ಹೋಯಿತು.

"ಮುಟ್ಟಬ್ಯಾಡ. ಸ್ಟೇರಿಂಗ್ ನಿಂದು, ನೀರು ನಂದು. ಇವತ್ತಿಂದ ಹಿಂಗ."

ಎಂಜಿನ್ ಆರಲಿ ಎಂದು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಇಬ್ಬರೂ ಕುಳಿತರು. ಅವಳು ಕೇಳಿದಳು: "ಖರೇ ಹೇಳು. ನಮ್ಮ ಸಾವಕಾರ್ರು ಬದುಕಿದ್ದಾಗ ಹಿಂಗ ಎಷ್ಟ ಸಲ ಹೊಯ್ದಿ?"

ಅಂಜಿನಪ್ಪ ಒಣಗಿದ ಹುಲ್ಲುಕಡ್ಡಿ ಮುರಿದ. ಖರೇ ಹೇಳುವುದು ಅವನಿಗೆ ಇನ್ನೂ ಪೂರ್ತಿ ರೂಢಿಯಾಗಿರಲಿಲ್ಲ. "ನಾ ಒಮ್ಮೆನೂ ಇಲ್ರಿ ಅವ್ವಾರ. ಅವರ ಹೊಯ್ತಿದ್ರು."

"ಅವರಾ?"

"ತಿಂಗಳಿಗೊಮ್ಮೆರೆ. ನಾ ಬ್ಯಾಡ ಅಂದ್ರ ಬೈತಿದ್ರು. ಅವರ ಕೈಯಾಗ ಒಮ್ಮೆನೂ ಒಡೀಲಿಲ್ಲ ನೋಡ್ರಿ."

ದುರಗವ್ವ ಸೆರಗು ಬಾಯಿಗೆ ಒಯ್ಯಲು ಮರೆತಳು. ನಗು ದಾರಿಯಲ್ಲಿ ಹೋಗುತ್ತಿದ್ದ ಚಕ್ಕಡಿಯ ಎತ್ತುಗಳು ತಿರುಗಿ ನೋಡುವಷ್ಟು ಜೋರಾಗಿ ಬಂತು. ಕಣ್ಣೊರೆಸಿಕೊಂಡು ಎದ್ದು, ಬಾನೆಟ್ ಎತ್ತಿಸಿ, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ ಅಂಗೈ ತಿರುಗಿಸಿ ಬ್ಲಾಕಿನ ಪಕ್ಕೆಗೆ ಇಟ್ಟಳು.

"ಇನ್ನೊಂದೀಟು ಬಿಸಿ ಐತಿ," ಎಂದಳು. "ಕುಂದ್ರು."